ಗೋಡೆಯವರೆಗೆ ಅವರದು, ಆಮೇಲೆ ನಮ್ಮದು

ಗೃಹಪ್ರವೇಶ ಮುಗಿದು ಬಾಗಿಲಿನ ಬಾಳೆಕಂಬ ಬಾಡುವ ಮೊದಲೇ ಈಗ ಹೊಸ ಮನೆಗೆ ಬರುವವನೆಂದರೆ ಇಂಟರ್‌ನೆಟ್ಟಿನ ತಂತಿ ಎಳೆಯುವ ಹುಡುಗ. ಹಾಲಿನವನು, ಪತ್ರಿಕೆಯವನು, ಗ್ಯಾಸಿನವನು ಎಲ್ಲರೂ ಅವನ ಹಿಂದೆಯೇ. ಬೀದಿಯ ಕಂಬದಿಂದ ಕಪ್ಪು ಎಳೆಯೊಂದನ್ನು ಕಿಟಕಿಯ ಸಂದಿನಲ್ಲಿ ಒಳಕ್ಕೆ ತರುತ್ತಾನೆ. ಬಾಗಿಲಿಗೆ ಹತ್ತಿರವಾದ ಪ್ಲಗ್ಗಿನ ಬಳಿ ಬಿಳಿಯ ಪೆಟ್ಟಿಗೆಯೊಂದನ್ನು ನೇತುಹಾಕುತ್ತಾನೆ. ತನ್ನ ಮೊಬೈಲಿನಲ್ಲಿ ಏನನ್ನೋ ಒತ್ತಿ, "ನೆಟ್ ಬಂತು ಸಾರ್" ಎಂದು ಹೇಳಿ ಹೊರಟುಬಿಡುತ್ತಾನೆ. ಅರ್ಧ ಗಂಟೆಯ ಕೆಲಸ.

ಮೂರು ದಿನ ಎಲ್ಲರಿಗೂ ಸಂತೋಷ. ನಾಲ್ಕನೆಯ ದಿನ ಮಹಡಿಯ ಕೋಣೆಯಿಂದ ಮಗ ಕೂಗುತ್ತಾನೆ. ಅಡಿಗೆಮನೆಯಿಂದ ಸೊಸೆ ದೂರುತ್ತಾಳೆ. ನಡುಮನೆಯಲ್ಲಿ ಧಾರಾವಾಹಿ ನೋಡುತ್ತ ಕುಳಿತ ಅಜ್ಜಿಯ ಎದುರಿಗೆ ಚಿತ್ರ ನಿಂತುಹೋಗಿ ಚಕ್ರವೊಂದು ಸುತ್ತತೊಡಗುತ್ತದೆ. ಮನೆಯ ಯಜಮಾನರು ಕಂಪನಿಗೆ ಫೋನು ಮಾಡುತ್ತಾರೆ. "ನಮ್ಮ ಕಡೆಯಿಂದ ಎಲ್ಲವೂ ಸರಿಯಾಗಿದೆ" ಎಂಬ ಉತ್ತರ ಬರುತ್ತದೆ. ಯಜಮಾನರಿಗೆ ಕೋಪ ಬರುವುದು ಸಹಜವೇ. ಆದರೆ ಸೋಜಿಗದ ಸಂಗತಿಯೆಂದರೆ, ಬಹಳ ಸಲ ಆ ಉತ್ತರ ನಿಜವಾಗಿರುತ್ತದೆ. ದೋಷವಿರುವುದು ಬೀದಿಯಲ್ಲಲ್ಲ, ಗೋಡೆಯ ಈಚೆ, ನಮ್ಮ ಮನೆಯೊಳಗೆ.

ಸೋಲದೇವನಹಳ್ಳಿಯ ಪಾಠ

ಬೆಂಗಳೂರಿನ ಉತ್ತರದಂಚಿನ ಸೋಲದೇವನಹಳ್ಳಿಯನ್ನೇ ನೋಡೋಣ. ಯಶವಂತಪುರದಿಂದ ತುಮಕೂರಿನ ಕಡೆಗೆ ರೈಲಿನಲ್ಲಿ ಹೊರಟರೆ ಚಿಕ್ಕಬಾಣಾವರ ದಾಟಿದ ಮೇಲೆ ಸಿಗುವ ನಿಲ್ದಾಣ ಅದು. ಆಚಾರ್ಯ ವಿದ್ಯಾಸಂಸ್ಥೆಗಳ ವಿಸ್ತಾರವಾದ ಆವರಣ ಅಲ್ಲಿರುವುದರಿಂದ ಸುತ್ತಮುತ್ತ ಹೊಸ ಬಡಾವಣೆಗಳೂ, ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಡುವ ಮಹಡಿಗಳೂ ಬೆಳೆದಿವೆ. ಅಂಥ ಊರಿನಲ್ಲಿ ಪ್ರತಿಯೊಂದು ಹೊಸ ಮನೆಗೂ ಒಂದು ಬಿಳಿಯ ಪೆಟ್ಟಿಗೆ.

ಆದರೆ ಸೋಲದೇವನಹಳ್ಳಿಗೆ ಇದಕ್ಕಿಂತ ಹಳೆಯದೊಂದು ಕೀರ್ತಿಯುಂಟು. ಬೆಂಗಳೂರಿನ ಕೆರೆಗಳು ಒಣಗಿ, ನೀರಿಗಾಗಿ ಜನರು ಪರದಾಡುತ್ತಿದ್ದ ಕಾಲದಲ್ಲಿ ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತವು ಹೆಸರಘಟ್ಟದ ಕೆರೆಯಿಂದ ನಗರಕ್ಕೆ ನೀರು ತರುವ ಯೋಜನೆಯನ್ನು ಕೈಗೊಂಡಿತು. ಅದು ಚಾಮರಾಜೇಂದ್ರ ಒಡೆಯರ ಹೆಸರಿನ ಜಲಕಾರ್ಯ. 1894ರಲ್ಲಿ ಆರಂಭವಾಗಿ 1896ರ ಹೊತ್ತಿಗೆ ನಗರಕ್ಕೆ ನೀರನ್ನು ಮುಟ್ಟಿಸಿತು. ಅರ್ಕಾವತಿಯ ನೀರು ಹೆಸರಘಟ್ಟದಿಂದ ಇಟ್ಟಿಗೆಯ ಕಾಲುವೆಯಲ್ಲಿ ಇಳಿಜಾರನ್ನು ಹಿಡಿದು ತಾನಾಗಿಯೇ ಸೋಲದೇವನಹಳ್ಳಿಯವರೆಗೆ ಹರಿದುಬರುತ್ತಿತ್ತು. ಅಲ್ಲಿಗೆ ಇಳಿಜಾರಿನ ಉಪಕಾರ ಮುಗಿಯಿತು. ಅಲ್ಲಿಂದ ಮುಂದೆ ಪಂಪುಗಳು ಅದನ್ನು ಎತ್ತಿ ಮಲ್ಲೇಶ್ವರದ ಎತ್ತರಕ್ಕೆ ಮುಟ್ಟಿಸಬೇಕು. ಅಲ್ಲಿಂದ ಕೊಳವೆಗಳು ಬೀದಿಬೀದಿಗೆ ಹಂಚಬೇಕು. ಕೆರೆ ತುಂಬಿದ್ದು, ಕಾಲುವೆ ಸರಿಯಾಗಿದ್ದು, ಸೋಲದೇವನಹಳ್ಳಿಯ ಪಂಪು ನಿಂತರೆ ನಗರದ ನಲ್ಲಿ ಒಣಗುವುದೇ ಸರಿ.

ಇಂಟರ್‌ನೆಟ್ಟಿನ ವ್ಯವಸ್ಥೆಯೂ ಹೀಗೆಯೇ ಇದೆ. ಕಂಪನಿಯ ಗಾಜಿನ ಎಳೆ ನಮ್ಮ ಗೋಡೆಯವರೆಗೆ ಬರುತ್ತದೆ. ಅಲ್ಲಿಂದ ಕೋಣೆಕೋಣೆಗೆ ಹಂಚುವ ಪಂಪುಮನೆ ನಮ್ಮದು. ಅದರ ಹೆಸರೇ ರೌಟರು. ಅದನ್ನು ಎಲ್ಲಿ ನಿಲ್ಲಿಸಬೇಕು, ಯಾವುದಕ್ಕೆ ಕೊಳವೆ ಜೋಡಿಸಬೇಕು, ಬೀಗದ ಕೈ ಯಾರ ಬಳಿ ಇರಬೇಕು ಎಂಬ ಮೂರು ವಿಷಯಗಳನ್ನು ಮನೆಯವರೇ ತಿಳಿದುಕೊಳ್ಳುವುದು ಒಳ್ಳೆಯದು. ಇದಕ್ಕೆ ಇಂಜಿನಿಯರಿಂಗ್ ಓದಿರಬೇಕಾದುದಿಲ್ಲ. ಒಂದು ಭಾನುವಾರದ ಮಧ್ಯಾಹ್ನ ಸಾಕು.

ಎರಡು ಕೆಲಸ, ಒಂದು ಪೆಟ್ಟಿಗೆ

ಮೊದಲು ಮನೆಗೆ ಬಂದಿರುವುದೇನೆಂದು ನೋಡೋಣ. ಹೊರಗಿನಿಂದ ಬರುವ ಎಳೆಯ ಒಳಗಿರುವುದು ತಲೆಗೂದಲಿನಷ್ಟು ತೆಳುವಾದ ಗಾಜು. ಅದರಲ್ಲಿ ಹರಿಯುವುದು ವಿದ್ಯುತ್ತಲ್ಲ, ಬೆಳಕು. ಗಾಜಿನ ಎಳೆಯಲ್ಲಿ ಬೆಳಕಿನ ಮೂಲಕ ಸುದ್ದಿಯನ್ನು ಬಹುದೂರ ಕಳುಹಬಹುದೆಂದು 1966ರಲ್ಲಿ ಚಾರ್ಲ್ಸ್ ಕಾವ್ ತೋರಿಸಿಕೊಟ್ಟರು. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಮನೆಗಳಿಗೆ ಬರುವ ಈ ಬೆಳಕು ಕಣ್ಣಿಗೆ ಕಾಣತಕ್ಕದ್ದಲ್ಲ. ಕಾಣದೆಂದು ಎಳೆಯ ತುದಿಯನ್ನು ಕಣ್ಣಿಗೆ ಹಿಡಿದು ಇಣುಕುವುದು ಅಪಾಯ. ಮಕ್ಕಳಿಗೆ ಇದನ್ನು ಮೊದಲೇ ಹೇಳಿಡಬೇಕು. ಇನ್ನು ಗಾಜಾದ್ದರಿಂದ ಈ ಎಳೆಯನ್ನು ಬಟ್ಟೆ ಒಣಗಿಸುವ ಹಗ್ಗದಂತೆ ಮಡಚಿ ಕಟ್ಟಬಾರದು. ಕಾಫಿ ಲೋಟದ ಸುತ್ತಳತೆಗಿಂತ ಬಿಗಿಯಾಗಿ ಬಗ್ಗಿಸಿದರೆ ಬೆಳಕು ಸೋರಿಹೋಗುತ್ತದೆ. ಬಾಗಿಲ ಸಂದಿನಲ್ಲಿ ಸಿಕ್ಕಿಕೊಂಡ ಎಳೆ, ಬೀರುವಿನ ಕಾಲಿನ ಕೆಳಗೆ ನಲುಗಿದ ಎಳೆ, ಇವೇ ಅನೇಕ ತೊಂದರೆಗಳ ಮೂಲ.

ಬೆಳಕನ್ನು ವಿದ್ಯುತ್ ಸಂಕೇತವನ್ನಾಗಿ ಮಾರ್ಪಡಿಸುವ ಪೆಟ್ಟಿಗೆಗೆ ಕೆಲಸಗಾರರು ಓ.ಎನ್.ಟಿ. ಎಂದೂ ಓ.ಎನ್.ಯು. ಎಂದೂ ಹೇಳುತ್ತಾರೆ, ಮನೆಮಾತಿನಲ್ಲಿ ಅದು ಮೋಡೆಮ್. ಸಂಕೇತವನ್ನು ಮನೆಯ ಫೋನು, ಟೀವಿ, ಕಂಪ್ಯೂಟರುಗಳಿಗೆ ಹಂಚುವ ಪೆಟ್ಟಿಗೆ ರೌಟರು. ಈಚೆಗೆ ಕಂಪನಿಗಳು ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿ ಕೊಡುವುದುಂಟು. ಹೀಗಾಗಿ ಅಂಗಡಿಯಿಂದ ನೀವು ಇನ್ನೊಂದು ಒಳ್ಳೆಯ ರೌಟರನ್ನು ತಂದು ಜೋಡಿಸಿದಾಗ ಮನೆಯಲ್ಲಿ ಇಬ್ಬರು ಯಜಮಾನರಾಗುತ್ತಾರೆ. ಇಬ್ಬರು ಯಜಮಾನರಿರುವ ಮನೆಯಲ್ಲಿ ಏನಾಗುವುದೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇದರ ಮರ್ಮ ವಿಳಾಸದಲ್ಲಿದೆ. ಹೊರಗಿನ ಜಗತ್ತಿಗೆ ನಿಮ್ಮ ಮನೆಗೆ ಒಂದು ವಿಳಾಸ. ಒಳಗಿನ ಪ್ರತಿಯೊಂದು ಯಂತ್ರಕ್ಕೂ ರೌಟರೇ ಕೊಡುವ ಬೇರೆಬೇರೆ ಒಳವಿಳಾಸ. 192.168 ಎಂದು ಮೊದಲಾಗುವ ಅಂಕಿಗಳನ್ನು ಇಂಥ ಒಳಬಳಕೆಗೆಂದು ಅಂತರರಾಷ್ಟ್ರೀಯ ತಜ್ಞರು ತೊಂಬತ್ತರ ದಶಕದಲ್ಲಿಯೇ ಮೀಸಲಿಟ್ಟರು. ಆದ್ದರಿಂದ ನಿಮ್ಮ ಮನೆಯಲ್ಲಿಯೂ ಪಕ್ಕದ ಮನೆಯಲ್ಲಿಯೂ ಒಂದೇ ಅಂಕಿಯಿದ್ದರೆ ಆಶ್ಚರ್ಯಪಡಬೇಡಿ. ಎಲ್ಲರ ಮನೆಯಲ್ಲಿಯೂ ನಡುಮನೆಯೆಂಬುದೊಂದು ಇರುವುದಿಲ್ಲವೆ? ಅಂಚೆಯವನು ಮನೆಯ ನಂಬರು ನೋಡಿ ಕಾಗದವನ್ನು ಬಾಗಿಲಿಗೆ ತಲಪಿಸುತ್ತಾನೆ. ನಡುಮನೆಯಲ್ಲಿ ಕುಳಿತವರಿಗೆ ಅದನ್ನು ಒಯ್ದುಕೊಡುವುದು ಮನೆಯವರ ಕೆಲಸ. ರೌಟರು ಮಾಡುವುದು ಈ ಕೆಲಸವನ್ನೇ. ಎರಡು ಪೆಟ್ಟಿಗೆಗಳೂ ತಾವೇ ವಿಳಾಸ ಹಂಚುತ್ತೇವೆಂದು ಹೊರಟರೆ, ಅದರಲ್ಲಿಯೂ ಒಂದೇ ಶ್ರೇಣಿಯ ಅಂಕಿಗಳನ್ನು ಹಂಚಿದರೆ, ಕಾಗದ ಯಾರ ಕೈ ಸೇರಬೇಕೆಂಬುದು ಯಾರಿಗೂ ತಿಳಿಯುವುದಿಲ್ಲ.

ಪರಿಹಾರಗಳು ಎರಡು. ಕಂಪನಿಯವರಿಗೆ ಹೇಳಿ ಅವರ ಪೆಟ್ಟಿಗೆಯನ್ನು 'ಬ್ರಿಜ್' ಎಂಬ ರೀತಿಗೆ ಬದಲಾಯಿಸಿಕೊಳ್ಳಬಹುದು. ಆಗ ಅದು ಬೆಳಕನ್ನು ಮಾರ್ಪಡಿಸುವುದಷ್ಟನ್ನೇ ಮಾಡಿ ಸುಮ್ಮನಿರುತ್ತದೆ. ಅದರ ಲ್ಯಾನ್ ಕಿಂಡಿಯಿಂದ ತಂತಿಯನ್ನು ತಂದು ನಿಮ್ಮ ರೌಟರಿನ ವ್ಯಾನ್ ಕಿಂಡಿಗೆ ಚುಚ್ಚಿ, ಕಂಪನಿ ಕೊಟ್ಟ ಬಳಕೆದಾರರ ಹೆಸರನ್ನೂ ಗುಪ್ತಪದವನ್ನೂ ಕೇಳುವ ವ್ಯವಸ್ಥೆಯಾದರೆ ಅವನ್ನು ನಿಮ್ಮ ರೌಟರಿನಲ್ಲಿ ತುಂಬಬೇಕು. ಇದು ಬೇಡವೆಂದರೆ, ನೀವು ತಂದ ರೌಟರನ್ನೇ 'ಆಕ್ಸೆಸ್ ಪಾಯಿಂಟ್' ರೀತಿಗೆ ಬದಲಾಯಿಸಿದರೆ ಅದು ಯಜಮಾನಿಕೆಯನ್ನು ಬಿಟ್ಟು ಕೇವಲ ಅಲೆಯನ್ನು ಹರಡುವ ಕೆಲಸಕ್ಕೆ ನಿಲ್ಲುತ್ತದೆ. ಮನೆಯಲ್ಲಿ ಯಾರಿಗೂ ಹೆಚ್ಚಿನ ತಿಳಿವಳಿಕೆ ಇಲ್ಲದಿದ್ದರೆ ಈ ಎರಡನೆಯ ದಾರಿಯೇ ಸುಲಭ.

ಅಲುಗಾಡದಿರುವುದಕ್ಕೆ ತಂತಿ

ವೈ-ಫೈ ಬಂದ ಮೇಲೆ ತಂತಿಯೆಂದರೆ ಹಳೆಯ ಕಾಲದ್ದೆಂಬ ಭಾವನೆ ಬಂದುಬಿಟ್ಟಿದೆ. ಇದು ಸರಿಯಲ್ಲ. ಒಂದು ತಂತಿ ಒಂದು ಯಂತ್ರಕ್ಕೆ ಮೀಸಲು; ಅಲೆಯಾದರೋ ಮನೆಯವರೆಲ್ಲರ, ಅಷ್ಟೇಕೆ ನೆರೆಯವರ ಪಾಲೂ ಇರುವ ವಸ್ತು. ಈ ಸೂತ್ರವೊಂದನ್ನು ನೆನಪಿಟ್ಟರೆ ಸಾಕು: ಅಲುಗಾಡದಿರುವ ವಸ್ತುವಿಗೆ ತಂತಿ, ಕೈಯಲ್ಲಿ ಹಿಡಿದು ತಿರುಗುವ ವಸ್ತುವಿಗೆ ಅಲೆ. ಟೀವಿ ಗೋಡೆ ಬಿಟ್ಟು ಹೋಗುವುದಿಲ್ಲ. ಮನೆಯಿಂದಲೇ ಕಚೇರಿಯ ಕೆಲಸ ಮಾಡುವವರ ಮೇಜಿನ ಕಂಪ್ಯೂಟರೂ ಹೋಗುವುದಿಲ್ಲ. ಇವೆರಡಕ್ಕೂ ತಂತಿ ಎಳೆದರೆ ಉಳಿದವರ ಫೋನುಗಳಿಗೆ ಅಲೆ ಹಗುರವಾಗಿ ಸಿಗುತ್ತದೆ. 2020ರಲ್ಲಿ ಶಾಲೆ, ಕಚೇರಿಗಳೆರಡೂ ಮನೆಯೊಳಕ್ಕೆ ಬಂದಾಗ ಈ ಮಾತಿನ ಬೆಲೆ ಅನೇಕ ಸಂಸಾರಗಳಿಗೆ ತಿಳಿಯಿತು.

ತಂತಿಯನ್ನು ಕೊಳ್ಳುವಾಗ 'ಕ್ಯಾಟ್ 5ಇ' ಅಥವಾ 'ಕ್ಯಾಟ್ 6' ಎಂದು ಕೇಳಿ ಕೊಳ್ಳಿ. ಒಳಗೆ ಎಂಟು ಎಳೆಗಳು, ಎರಡೆರಡಾಗಿ ಹೆಣೆದುಕೊಂಡಿರುತ್ತವೆ. ಆ ಹೆಣಿಗೆ ಅಂದಕ್ಕಲ್ಲ, ಹೊರಗಿನ ವಿದ್ಯುತ್ ಗದ್ದಲವನ್ನು ತಡೆಯುವುದಕ್ಕೆ. ಅಪ್ಪಟ ತಾಮ್ರದ ತಂತಿಯನ್ನೇ ಕೇಳಬೇಕು. ಅಲ್ಯೂಮಿನಿಯಮ್ಮಿಗೆ ತಾಮ್ರದ ಲೇಪ ಕೊಟ್ಟ ಅಗ್ಗದ ತಂತಿ ಮಾರುಕಟ್ಟೆಯಲ್ಲಿ ಧಾರಾಳವಾಗಿದೆ, ಅದು ಬಹುಬೇಗ ಮುರಿಯುತ್ತದೆ. ಇಂಥ ತಂತಿಯನ್ನು 100 ಮೀಟರಿನವರೆಗೆ ಎಳೆಯಬಹುದಾದ್ದರಿಂದ ಸಾಮಾನ್ಯ ಮನೆಗೆ ದೂರದ ಚಿಂತೆಯಿಲ್ಲ. ತುದಿಯ ಸ್ಫಟಿಕದಂಥ ಪ್ಲಾಸ್ಟಿಕ್ ಪ್ಲಗ್ಗಿಗೆ ಎಳೆಗಳನ್ನು ಕೂರಿಸುವಾಗ ಬಣ್ಣಗಳ ಕ್ರಮ ಎರಡು ತುದಿಗಳಲ್ಲಿಯೂ ಒಂದೇ ಆಗಿರಬೇಕು. ರೂಢಿಯ ಕ್ರಮ ಇದು: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು.

ಇಲ್ಲಿ ಗುಟ್ಟಿನ ದೋಷವೊಂದುಂಟು. ಎಂಟು ಎಳೆಗಳಲ್ಲಿ ನಾಲ್ಕು ಮಾತ್ರ ಸರಿಯಾಗಿ ಕೂತಿದ್ದರೂ ತಂತಿ ಕೆಲಸ ಮಾಡಿಯೇಮಾಡುತ್ತದೆ. ಆದರೆ ವೇಗ ಸೆಕೆಂಡಿಗೆ 100 ಮೆಗಾಬಿಟ್ಟಿನಲ್ಲಿ ನಿಂತುಬಿಡುತ್ತದೆ. ಅಗ್ಗದ ರೌಟರುಗಳ ಕಿಂಡಿಗಳಿಗೂ ಇದೇ 100ರ ಮಿತಿ. ನೀವು 300 ಮೆಗಾಬಿಟ್ಟಿನ ಯೋಜನೆಗೆ ಹಣ ತೆತ್ತು ಇಂಥ ಕಿಂಡಿಯಲ್ಲಿ ಬಳಸಿದರೆ, ದೊಡ್ಡ ಕೊಳವೆಗೆ ಸಣ್ಣ ನಲ್ಲಿ ಕೂರಿಸಿದ ಹಾಗಾಯಿತು. ಕೊಳ್ಳುವಾಗ ಡಬ್ಬಿಯ ಮೇಲೆ 'ಗಿಗಾಬಿಟ್' ಎಂದು ಬರೆದಿದೆಯೇ ನೋಡಬೇಕು.

ಮನೆ ಕಟ್ಟುತ್ತಿರುವವರಿಗೆ ಒಂದು ಬಿನ್ನಹ. ಗೋಡೆಗೆ ಗಾರೆ ಬೀಳುವ ಮುನ್ನವೇ ವಿದ್ಯುತ್ತಿನ ಪೈಪಿನಿಂದ ಬೇರೆಯಾಗಿ, ಖಾಲಿ ಪೈಪೊಂದನ್ನು ಪ್ರತಿ ಕೋಣೆಗೂ ಮಹಡಿಗೂ ಎಳೆಸಿಡಿ. ವಿದ್ಯುತ್ ತಂತಿಯೊಡನೆ ಒಂದೇ ಪೈಪಿನಲ್ಲಿ ಇದನ್ನು ತುರುಕುವುದು ಅಪಾಯಕರವೂ ಹೌದು. ಆಗ ಆಗುವ ಖರ್ಚು ಅತ್ಯಲ್ಪ. ಮುಂದೆ ಗೋಡೆ ಒಡೆಸುವ ಖರ್ಚು ಎಷ್ಟೆಂದು ಗಾರೆಯವರನ್ನು ಕೇಳಿ ನೋಡಿ.

ಕೈಯಲ್ಲಿರುವುದಕ್ಕೆ ಅಲೆ

ಹಿಂದೆ ನಮ್ಮ ದೇಶದಲ್ಲಿ ಮನೆಯಲ್ಲಿ ರೇಡಿಯೋ ಇಟ್ಟುಕೊಳ್ಳುವುದಕ್ಕೂ ಪೋಸ್ಟಾಫೀಸಿನಲ್ಲಿ ಹಣ ಕಟ್ಟಿ ಲೈಸೆನ್ಸು ಪಡೆಯಬೇಕಾಗಿತ್ತು. ಹಿರಿಯರಿಗೆ ಅದು ನೆನಪಿರಬಹುದು. ವೈ-ಫೈ ಕೂಡ ಒಂದು ಪುಟ್ಟ ರೇಡಿಯೋ ನಿಲಯವೇ. ಆದರೆ ಅದು ಬಳಸುವ 2.4 ಗಿಗಾಹರ್ಟ್ಸ್ ಎಂಬ ಪಟ್ಟಿಯನ್ನು ಭಾರತ ಸರ್ಕಾರವು 2005ರಲ್ಲಿ ಲೈಸೆನ್ಸಿನಿಂದ ಮುಕ್ತಗೊಳಿಸಿತು. 5 ಗಿಗಾಹರ್ಟ್ಸಿನ ಪಟ್ಟಿಯ ಬಳಕೆಯನ್ನು 2018ರಲ್ಲಿ ಇನ್ನಷ್ಟು ಸಡಿಲಿಸಿತು. ಯಾರು ಬೇಕಾದರೂ ಬಳಸಬಹುದಾದ್ದರಿಂದಲೇ ಅಲ್ಲಿ ಸಂತೆಯ ಗದ್ದಲ.

ಎರಡು ಪಟ್ಟಿಗಳ ಗುಣ ಬೇರೆಬೇರೆ. 2.4ರ ಅಲೆ ಸುಮಾರು 12 ಸೆಂಟಿಮೀಟರು ಉದ್ದದ್ದು. ಗೋಡೆಗಳನ್ನು ತಕ್ಕಮಟ್ಟಿಗೆ ದಾಟುತ್ತದೆ, ದೂರ ಹೋಗುತ್ತದೆ, ಆದರೆ ನಿಧಾನ. 5ರ ಅಲೆ ಅದರ ಅರ್ಧದಷ್ಟು ಉದ್ದದ್ದು. ವೇಗ ಹೆಚ್ಚು, ಆದರೆ ಒಂದೆರಡು ಗೋಡೆಗಳಿಗೆ ಸುಸ್ತಾಗುತ್ತದೆ. ರೌಟರು ಇರುವ ಕೋಣೆಯಲ್ಲಿಯೂ ಪಕ್ಕದ ಕೋಣೆಯಲ್ಲಿಯೂ 5ನ್ನು, ದೂರದ ಮೂಲೆಗೆ 2.4ನ್ನು ಬಳಸುವುದು ಲೇಸು. 2.4ರ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನಲ್‌ಗಳು ಮೂರೇ: 1, 6 ಮತ್ತು 11. ನೆರೆಯವರು ಯಾವುದರಲ್ಲಿದ್ದಾರೆಂದು ಫೋನಿನ ಆಪ್ ಒಂದರಿಂದ ತಿಳಿದುಕೊಂಡು ಬೇರೊಂದನ್ನು ಆರಿಸಬಹುದು. ಮೈಕ್ರೋವೇವ್ ಒಲೆಯೂ ಇದೇ ಪಟ್ಟಿಯಲ್ಲಿ ಕೆಲಸ ಮಾಡುವುದು. ಹಾಲು ಕಾಯುವಾಗಲೇ ಅಡಿಗೆಮನೆಯಲ್ಲಿ ಹಾಡು ನಿಲ್ಲುವುದರ ಕಾರಣ ಇದೇ ಇರಬಹುದು.

ಪೆಟ್ಟಿಗೆಯ ಸ್ಥಾನ ಎಲ್ಲಕ್ಕಿಂತ ಮುಖ್ಯ. ಹುಡುಗ ಅದನ್ನು ಬಾಗಿಲ ಬಳಿ ಇಟ್ಟುಹೋಗಿದ್ದು ತನ್ನ ಅನುಕೂಲಕ್ಕೆ, ನಿಮ್ಮದಕ್ಕಲ್ಲ. ಅಲೆ ಎಲ್ಲ ದಿಕ್ಕಿಗೂ ಹರಡುವುದರಿಂದ ಬಾಗಿಲ ಬಳಿಯ ಪೆಟ್ಟಿಗೆ ಅರ್ಧ ಶಕ್ತಿಯನ್ನು ಬೀದಿಗೆ ದಾನ ಮಾಡುತ್ತಿರುತ್ತದೆ. ಮನೆಯ ನಡುಭಾಗದಲ್ಲಿ, ಎದೆಮಟ್ಟಕ್ಕಿಂತ ಮೇಲೆ, ಬಯಲಾಗಿ ಇರಬೇಕು. ಚಪ್ಪಲಿಯ ಗೂಡಿನಲ್ಲಿ, ಟೀವಿಯ ಹಿಂದೆ, ಉಕ್ಕಿನ ಬೀರುವಿನ ಮಗ್ಗುಲಲ್ಲಿ, ದೊಡ್ಡ ಕನ್ನಡಿಯ ಎದುರಿನಲ್ಲಿ ಇಡಬಾರದು. ಲೋಹವೂ ನೀರೂ ಅಲೆಗೆ ಪರಮ ಶತ್ರುಗಳು. ಕಬ್ಬಿಣದ ಸರಳು ತುಂಬಿದ ಮೇಲ್ಛಾವಣಿಯೂ ಹಾಗೆಯೇ. ಅಂದ ಕೆಡುವುದೆಂದು ಮೇಲೆ ಕಸೂತಿಯ ಬಟ್ಟೆ ಹೊದಿಸುವವರೂ ಉಂಟು. ಬಟ್ಟೆಯಿಂದ ಅಲೆ ನಿಲ್ಲುವುದಿಲ್ಲ, ಆದರೆ ಪೆಟ್ಟಿಗೆ ಕಾದು ಬೇಗ ಕೆಡುತ್ತದೆ.

ಮಹಡಿಗೆ ಅಲೆ ತಲಪದಿದ್ದರೆ ಗೋಡೆಗೆ ಚುಚ್ಚುವ 'ರಿಪೀಟರ್' ಎಂಬ ಬಿಲ್ಲೆಯನ್ನು ತರುವುದು ರೂಢಿ. ಸಾಮಾನ್ಯವಾಗಿ ಅದು ಕೇಳಿದ ಮಾತನ್ನೇ ಮತ್ತೆ ಕೂಗಿ ಹೇಳಬೇಕಾದ್ದರಿಂದ ವೇಗ ಅರ್ಧದಷ್ಟಾಗುವುದೇ ಹೆಚ್ಚು. ಅದಕ್ಕಿಂತ ಒಂದು ತಂತಿಯನ್ನು ಮೇಲಕ್ಕೆ ಎಳೆದು ಅಲ್ಲೊಂದು ಆಕ್ಸೆಸ್ ಪಾಯಿಂಟ್ ಇಡುವುದು ಮೇಲು. ಸೋಲದೇವನಹಳ್ಳಿಯ ಪಂಪು ಮಲ್ಲೇಶ್ವರಕ್ಕೆ ನೀರೆತ್ತಿದ್ದೂ ಕೊಳವೆಯ ಮೂಲಕವೇ ಹೊರತು ಚೆಂಬಿನಿಂದ ಚೆಂಬಿಗೆ ಸುರಿದಲ್ಲ.

ಬೀಗದ ಕೈ ಯಾರಲ್ಲಿ?

ಇಲ್ಲಿಯವರೆಗೆ ಹೇಳಿದ್ದನ್ನು ಮರೆತರೆ ಸಿನಿಮಾ ನಿಂತೀತು, ಅಷ್ಟೆ. ಇನ್ನು ಹೇಳುವುದನ್ನು ಮರೆತರೆ ಮನೆಯ ಮಾನವೇ ಹೋದೀತು.

2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟಗಳಾದವು. ಸ್ಫೋಟಕ್ಕೆ ಕೆಲವೇ ನಿಮಿಷಗಳ ಮುಂಚೆ ಸುದ್ದಿ ಸಂಸ್ಥೆಗಳಿಗೆ ಬೆದರಿಕೆಯ ಇ-ಮೇಲ್ ಒಂದು ಬಂದಿತ್ತು. ತನಿಖೆಯವರು ಅದರ ಜಾಡು ಹಿಡಿದು ಹೋದಾಗ ಅದು ಮುಟ್ಟಿದ್ದು ನವಿ ಮುಂಬಯಿಯಲ್ಲಿ ಬಾಡಿಗೆಗಿದ್ದ ಅಮೆರಿಕದ ಗೃಹಸ್ಥರೊಬ್ಬರ ಮನೆಯನ್ನು. ಅವರ ವೈ-ಫೈಗೆ ಭದ್ರವಾದ ಬೀಗವಿರಲಿಲ್ಲ. ಹೊರಗಿನವರು ಅದನ್ನು ಬಳಸಿಕೊಂಡಿದ್ದರು. ಆದರೆ ಅದು ಸ್ಪಷ್ಟವಾಗುವ ತನಕ ಆ ಸಂಸಾರ ವಿಚಾರಣೆಯ ಬಿಸಿಯನ್ನು ಅನುಭವಿಸಬೇಕಾಯಿತು. ಕಂಪ್ಯೂಟರುಗಳು ಪೊಲೀಸರ ವಶವಾದವು. ಇದಾದ ಮೇಲೆ 2009ರಲ್ಲಿ ದೂರಸಂಪರ್ಕ ಇಲಾಖೆಯು ವೈ-ಫೈಯನ್ನು ಭದ್ರಪಡಿಸುವ ಬಗ್ಗೆ ಇಂಟರ್‌ನೆಟ್ ಕಂಪನಿಗಳಿಗೆ ಸೂಚನೆಗಳನ್ನು ಕೊಟ್ಟಿತು.

ಇದರ ತಾತ್ಪರ್ಯವನ್ನು ಗಮನಿಸಿ. ಹೊರಗಿನಿಂದ ನೋಡುವವರಿಗೆ ನಿಮ್ಮ ಮನೆಯ ಎಲ್ಲ ಯಂತ್ರಗಳಿಗೂ ಒಂದೇ ವಿಳಾಸ. ಆ ವಿಳಾಸ ಇರುವುದು ಚಂದಾದಾರರ ಹೆಸರಿನಲ್ಲಿ. ಮೇಲಿನ ಕೋಣೆಯ ಬಾಡಿಗೆಯ ಹುಡುಗ ಮಾಡಿದ್ದಕ್ಕೂ, ಕಾಂಪೌಂಡಿನ ಆಚೆ ನಿಂತು ಅಪರಿಚಿತನು ಮಾಡಿದ್ದಕ್ಕೂ ಮೊದಲ ಪ್ರಶ್ನೆ ಬರುವುದು ಮನೆಯ ಯಜಮಾನರಿಗೇ. ವಿದ್ಯಾರ್ಥಿಗಳಿಗೆ ಕೋಣೆ ಕೊಟ್ಟಿರುವ ಸೋಲದೇವನಹಳ್ಳಿಯಂಥ ಕಡೆಗಳಲ್ಲಿ ಇದನ್ನು ಮರೆಯಲಾಗದು. ಬಾಡಿಗೆದಾರರೆಲ್ಲ ಕೆಟ್ಟವರೆಂದು ಇದರ ಅರ್ಥವಲ್ಲ. ಬಾಡಿಗೆದಾರರ ಸ್ನೇಹಿತರ ಸ್ನೇಹಿತರು ಯಾರೆಂದು ನಮಗೂ ತಿಳಿಯದು, ಅವರಿಗೂ ತಿಳಿಯದು. ಅವರ ಗೌರವಕ್ಕೂ ನಮ್ಮ ನೆಮ್ಮದಿಗೂ ಬೇರೆ ಬೇರೆ ಬೀಗವಿರುವುದು ಒಳ್ಳೆಯದು.

ಮಾಡಬೇಕಾದುದು ಇಷ್ಟು. ರೌಟರಿನ ತಳದಲ್ಲಿ ಅಂಟಿಸಿರುವ ಚೀಟಿಯಲ್ಲಿ 192.168.1.1 ಅಥವಾ 192.168.0.1 ಎಂಬಂಥ ವಿಳಾಸವೂ, ಯಜಮಾನಿಕೆಯ ಹೆಸರೂ ಗುಪ್ತಪದವೂ ಇರುತ್ತವೆ. ಅದೇ ರೌಟರಿಗೆ ಜೋಡಿಸಿದ ಕಂಪ್ಯೂಟರಿನಲ್ಲಿಯಾಗಲಿ ಫೋನಿನಲ್ಲಿಯಾಗಲಿ ಆ ವಿಳಾಸವನ್ನು ಬರೆದರೆ ರೌಟರಿನ ಒಳಕೋಣೆ ತೆರೆಯುತ್ತದೆ.

1. ಮೊದಲು ಈ ಒಳಕೋಣೆಯ ಗುಪ್ತಪದವನ್ನೇ ಬದಲಾಯಿಸಿ. ಇದು ವೈ-ಫೈನ ಗುಪ್ತಪದವಲ್ಲ, ಅದಕ್ಕಿಂತ ಮೇಲಿನದು. ಕಾರ್ಖಾನೆಯಿಂದ ಬಂದ ಹೆಸರು, ಗುಪ್ತಪದಗಳನ್ನು ಹಾಗೆಯೇ ಬಿಟ್ಟಿದ್ದ ಲಕ್ಷಾಂತರ ಕ್ಯಾಮೆರಾ, ರೌಟರುಗಳನ್ನು 2016ರಲ್ಲಿ 'ಮಿರಾಯ್' ಎಂಬ ದುಷ್ಟ ತಂತ್ರಾಂಶ ಸೆರೆಹಿಡಿದು, ಅವುಗಳ ಮೂಲಕ ಅಕ್ಟೋಬರಿನಲ್ಲಿ ಅಮೆರಿಕದ ಅನೇಕ ಪ್ರಸಿದ್ಧ ಜಾಲತಾಣಗಳನ್ನು ಗಂಟೆಗಟ್ಟಲೆ ಸ್ತಬ್ಧಗೊಳಿಸಿತು.

2. ವೈ-ಫೈನ ಭದ್ರತೆಯನ್ನು 'ಡಬ್ಲ್ಯು.ಪಿ.ಎ.3' ಎಂಬುದಕ್ಕೆ ಇಡಿ. ಹಳೆಯ ಫೋನುಗಳು ಅದಕ್ಕೆ ಒಗ್ಗದಿದ್ದರೆ 'ಡಬ್ಲ್ಯು.ಪಿ.ಎ.2' ಸಾಕು. 'ಡಬ್ಲ್ಯು.ಇ.ಪಿ.' ಎಂಬ ಪುರಾತನ ಬೀಗವನ್ನು ಎಂದಿಗೂ ಬಳಸಬೇಡಿ.

3. ಗುಪ್ತಪದವು ಉದ್ದವಾಗಿರಲಿ. ಮನೆಯ ನಂಬರು, ಮಗುವಿನ ಹೆಸರು, ಹುಟ್ಟಿದ ಇಸವಿ, ಇವನ್ನು ಬೀದಿಯ ಕೊನೆಯವರೂ ಊಹಿಸಬಲ್ಲರು. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕು ಕನ್ನಡ ಮಾತುಗಳನ್ನು ಇಂಗ್ಲಿಷ್ ಲಿಪಿಯಲ್ಲಿ ಕೂಡಿಸಿ ಬರೆಯಿರಿ: ಹುಣಸೆ, ಕಿಟಕಿ, ರೈಲು, ಬೆಲ್ಲ ಎಂಬಂತೆ. ಅಜ್ಜಿಗೂ ನೆನಪಿರುತ್ತದೆ, ಕಳ್ಳನಿಗೂ ಕಷ್ಟ. ಇಲ್ಲಿ ಅಚ್ಚಾಗಿರುವುದನ್ನೇ ಇಟ್ಟುಕೊಳ್ಳಬೇಡಿರೆಂದು ಬೇರೆ ಹೇಳಬೇಕಿಲ್ಲ.

4. ಗುಂಡಿ ಒತ್ತಿಯೋ ಎಂಟಂಕಿ ಒತ್ತಿಯೋ ಜೋಡಿಸಿಕೊಳ್ಳುವ 'ಡಬ್ಲ್ಯು.ಪಿ.ಎಸ್.' ಎಂಬ ಸೌಕರ್ಯವನ್ನು ಆರಿಸಿಬಿಡಿ. ಆ ಎಂಟಂಕಿಯನ್ನು ಸುಲಭವಾಗಿ ಭೇದಿಸಬಹುದೆಂದು 2011ರಲ್ಲಿಯೇ ಬಯಲಾಗಿದೆ.

5. ಅತಿಥಿಗಳಿಗೂ ಬಾಡಿಗೆದಾರರಿಗೂ 'ಗೆಸ್ಟ್ ನೆಟ್‌ವರ್ಕ್' ಎಂಬ ಬೇರೆಯ ಹೆಸರನ್ನು ತೆರೆದು, ಅದಕ್ಕೆ ಬೇರೆಯ ಗುಪ್ತಪದ ಕೊಡಿ. ಒಬ್ಬರು ಮನೆ ಖಾಲಿ ಮಾಡಿದೊಡನೆ ಅದನ್ನು ಬದಲಾಯಿಸಿ. ಬಾಗಿಲಿನ ಬೀಗದ ಕೈಯನ್ನು ಹಿಂದಕ್ಕೆ ಕೇಳುವುದಿಲ್ಲವೆ? ಆದರೆ ಹೊರಗಿನವರಿಗೆ ಈ ದಾರಿಯೂ ನಿಮ್ಮದೇ ವಿಳಾಸವೆಂಬುದನ್ನು ಮರೆಯಬೇಡಿ. ಬಹುಕಾಲ ಇರುವ ಬಾಡಿಗೆದಾರರು ತಮ್ಮ ಹೆಸರಿನಲ್ಲಿಯೇ ಸಂಪರ್ಕ ಪಡೆಯುವುದು ಇಬ್ಬರಿಗೂ ಕ್ಷೇಮ.

6. ರೌಟರಿನ ತಂತ್ರಾಂಶವನ್ನು ಆಗಾಗ್ಗೆ ಹೊಸದಾಗಿಸಿ. ಕಂಪನಿಯಿಂದ ಹೊಸ ತಂತ್ರಾಂಶ ಬರುವುದೇ ನಿಂತುಹೋದ ಹಳೆಯ ರೌಟರನ್ನು ಬದಲಾಯಿಸುವುದು ವಿವೇಕ.

ಎಲ್ಲ ಮುಗಿದ ಮೇಲೆ ಹೊಸ ಗುಪ್ತಪದಗಳನ್ನು ಒಂದು ಚೀಟಿಯಲ್ಲಿ ಬರೆದು ಪಾಸ್‌ಬುಕ್ಕು, ವಿದ್ಯುತ್ ಬಿಲ್ಲು ಇಡುವ ಕಡೆಯಲ್ಲಿ ಇಡಿ. ಮನೆಯ ಈ ಬೀಗದ ಕೈ ಹಾಸ್ಟೆಲಿನಲ್ಲಿರುವ ಮಗನ ತಲೆಯಲ್ಲಿ ಮಾತ್ರ ಇರತಕ್ಕದ್ದಲ್ಲ. ಮನೆಯಲ್ಲಿ ಹಗಲೆಲ್ಲ ಇರುವವರು ಯಾರೋ, ಅವರಿಗೆ ಅದು ತಿಳಿದಿರಬೇಕು.

ಕರೆಂಟು, ಗುಡುಗು, ಲೆಕ್ಕ

ಕರೆಂಟು ಹೋದಾಗ ನೆಟ್ ಹೋಗಬೇಕಾದ ನಿಯಮವೇನಿಲ್ಲ. ಗಾಜಿನ ಎಳೆಗೆ ಬೀದಿಯಲ್ಲಿ ವಿದ್ಯುತ್ ಬೇಕಿಲ್ಲ. ಬೇಕಾಗಿರುವುದು ನಿಮ್ಮ ಪೆಟ್ಟಿಗೆಗೆ ಮಾತ್ರ. ಬಹುಪಾಲು ರೌಟರುಗಳಿಗೆ 12 ವೋಲ್ಟಿನ ಪುಟ್ಟ ಯು.ಪಿ.ಎಸ್. ಸಿಗುತ್ತದೆ. ಕೊಳ್ಳುವ ಮುನ್ನ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟನ್ನೂ ಆಂಪಿಯರನ್ನೂ ನೋಡಿಕೊಳ್ಳಿ; ಎರಡು ಪೆಟ್ಟಿಗೆಗಳಿದ್ದರೆ ಎರಡಕ್ಕೂ ವ್ಯವಸ್ಥೆಯಾಗಬೇಕು. ರೌಟರು ಹಗಲಿರುಳು ಉರಿದರೆ ಬಿಲ್ಲು ಏರುವುದೆಂದು ಚಿಂತಿಸುವವರಿಗೆ ಒಂದು ಲೆಕ್ಕ: 10 ವ್ಯಾಟಿನ ಪೆಟ್ಟಿಗೆ ತಿಂಗಳೆಲ್ಲ ಉರಿದರೂ ಆಗುವುದು 7 ಯೂನಿಟ್ಟು ಚಿಲ್ಲರೆ.

ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಮಿಂಚು ಬಂದರೆ ಮಾತ್ರ ಎಚ್ಚರ. ಗಾಜು ಮಿಂಚನ್ನು ಸಾಗಿಸದು. ಆದರೆ ಕೆಲವು ಬಡಾವಣೆಗಳಲ್ಲಿ ಮಾಳಿಗೆಯಿಂದ ಮಾಳಿಗೆಗೆ ತಾಮ್ರದ ತಂತಿಯನ್ನೇ ಎಳೆದು ಸಂಪರ್ಕ ಕೊಡುವುದುಂಟು. ಅಂಥ ಮನೆಯವರು ಮಿಂಚು ಶುರುವಾಗುವ ಮುನ್ನವೇ ವಿದ್ಯುತ್ ಪ್ಲಗ್ಗನ್ನೂ ಹೊರಗಿನ ತಂತಿಯನ್ನೂ ಕಳಚಿಡಬೇಕು.

ವೇಗದ ಲೆಕ್ಕದಲ್ಲಿಯೂ ಒಂದು ಗೊಂದಲವುಂಟು. ಕಂಪನಿಯವರು ಹೇಳುವುದು ಮೆಗಾಬಿಟ್ಟು. ಕಂಪ್ಯೂಟರು ತೋರಿಸುವುದು ಮೆಗಾಬೈಟು. ಎಂಟು ಬಿಟ್ಟಿಗೆ ಒಂದು ಬೈಟು. ಆದ್ದರಿಂದ 100 ಮೆಗಾಬಿಟ್ಟಿನ ಯೋಜನೆಯಲ್ಲಿ ಸೆಕೆಂಡಿಗೆ 12.5 ಮೆಗಾಬೈಟು ಬಂದರೆ ಅದು ಪೂರಾ ಬಂದಂತೆ, ಮೋಸವೇನೂ ಆಗಿಲ್ಲ. ಒಳ್ಳೆಯ ಸ್ಪಷ್ಟತೆಯ ಚಲನಚಿತ್ರವೊಂದಕ್ಕೆ ಸೆಕೆಂಡಿಗೆ 5 ಮೆಗಾಬಿಟ್ಟಿನ ಸುಮಾರು ಸಾಕು. ನಾಲ್ಕೈದು ಜನರ ಸಂಸಾರಕ್ಕೆ 50ರಿಂದ 100ರವರೆಗಿನ ಯೋಜನೆ ಧಾರಾಳ. ಪೆಟ್ಟಿಗೆ ಚಪ್ಪಲಿಯ ಗೂಡಿನಲ್ಲಿರುವ ತನಕ 500ರ ಯೋಜನೆ ಕೊಂಡರೂ ಮಹಡಿಯ ಕೋಣೆಗೆ ಪ್ರಯೋಜನವಿಲ್ಲ.

ಕಂಪನಿಯನ್ನು ದೂರುವ ಮುನ್ನ

ಕಡೆಯದಾಗಿ, ದೋಷ ಗೋಡೆಯ ಯಾವ ಕಡೆಗಿದೆಯೆಂದು ಕಂಡುಹಿಡಿಯುವ ಕ್ರಮ. ಮೊದಲು ಪೆಟ್ಟಿಗೆಯ ದೀಪಗಳನ್ನು ನೋಡಿ. 'ಎಲ್.ಓ.ಎಸ್.' ಎಂಬ ದೀಪ ಕೆಂಪಗೆ ಉರಿಯುತ್ತಿದ್ದರೆ ಬೆಳಕು ಬರುತ್ತಿಲ್ಲ. ಎಳೆ ಮನೆಯೊಳಗೆಲ್ಲೂ ನಲುಗಿಲ್ಲವೆಂದು ನೋಡಿಕೊಂಡು ಕಂಪನಿಗೆ ಫೋನು ಮಾಡಿ. ಅದು ಅವರ ಕೆಲಸ. ದೀಪ ಸರಿಯಾಗಿದ್ದರೆ, ಕಂಪ್ಯೂಟರನ್ನು ತಂತಿಯಿಂದ ನೇರವಾಗಿ ಪೆಟ್ಟಿಗೆಗೆ ಜೋಡಿಸಿ ವೇಗವನ್ನು ಅಳೆಯಿರಿ. ತಂತಿಯಲ್ಲಿ ಪೂರಾ ಬಂದು ವೈ-ಫೈನಲ್ಲಿ ಬಾರದಿದ್ದರೆ ದೋಷ ನಮ್ಮದು. ಪೆಟ್ಟಿಗೆಯ ಸ್ಥಾನವನ್ನೂ ಚಾನಲನ್ನೂ ಬದಲಾಯಿಸಿ ನೋಡಬೇಕು. ತಂತಿಯಲ್ಲಿಯೂ ಬಾರದಿದ್ದರೆ ಬೆಳಿಗ್ಗೆ ಒಮ್ಮೆ, ರಾತ್ರಿ 9 ಗಂಟೆಗೆ ಒಮ್ಮೆ, ಹೀಗೆ ಮೂರು ದಿನ ಅಳೆದು ಬರೆದಿಡಿ. ಒಂದೇ ಎಳೆಯ ಬೆಳಕನ್ನು ಹಲವು ಮನೆಗಳಿಗೆ ಹಂಚುವುದರಿಂದ ಎಲ್ಲರೂ ಕೂತು ನೋಡುವ ರಾತ್ರಿಯ ಹೊತ್ತಿನಲ್ಲಿ ವೇಗ ಕುಗ್ಗುವುದುಂಟು. ಬರೆದಿಟ್ಟ ಅಂಕಿಗಳನ್ನು ಮುಂದಿಟ್ಟು ಕೇಳಿದಾಗ "ನಮ್ಮ ಕಡೆಯಿಂದ ಎಲ್ಲವೂ ಸರಿಯಾಗಿದೆ" ಎಂಬ ಉತ್ತರ ಅಷ್ಟು ಸುಲಭವಾಗಿ ಬರಲಾರದು.

ಇಷ್ಟನ್ನೂ ಒಂದೇ ದಿನ ಮಾಡಲಾಗದಿದ್ದರೆ, ಈ ಭಾನುವಾರ ಒಂದನ್ನಾದರೂ ಮಾಡಿ: ಪೆಟ್ಟಿಗೆಯನ್ನು ತಿರುಗಿಸಿ ತಳದ ಚೀಟಿಯನ್ನು ಓದಿ, ಕಾರ್ಖಾನೆಯ ಗುಪ್ತಪದವನ್ನು ಬದಲಾಯಿಸಿ. ಸ್ಥಾನ, ತಂತಿ, ಚಾನಲ್ ಇವಕ್ಕೆಲ್ಲ ಮುಂದಿನ ಭಾನುವಾರಗಳಿವೆ.